ಮೂಗಿಗಿಂತ ಮೂಗುತಿ ಭಾರ

ನಮ್ಮ ನಡುಮನೆಯ ಕಿಟಕಿಯ ಪಕ್ಕದಲ್ಲಿ ಒಂದು ಸಣ್ಣ ಮೇಜಿದೆ. ಅದರ ಮೇಲೆ ನನ್ನ ಹೆಂಡತಿ ಕಸೂತಿ ಹಾಕಿದ ಬಟ್ಟೆಯನ್ನು ಹೊದ್ದು ಒಂದು ವಸ್ತು ಕುಳಿತಿದೆ. ಮನೆಗೆ ಹೊಸದಾಗಿ ಬಂದವರು ಅದನ್ನು ಹಾರ್ಮೋನಿಯಂ ಎಂದೇ ತಿಳಿಯುತ್ತಾರೆ. "ಮೇಷ್ಟ್ರಿಗೆ ಸಂಗೀತವೂ ಬರುತ್ತೋ?" ಎಂದು ಕೇಳಿದವರೂ ಉಂಟು. ಸಂಗೀತ ನನ್ನ ವಂಶದಲ್ಲೇ ಇಲ್ಲ. ಅದು ಪ್ರಿಂಟರ್. ಅದನ್ನು ಕೊಂಡ ಕತೆ ಮತ್ತು ಅದರಿಂದ ನಾನು ಕಲಿತ ಲೆಕ್ಕ, ಮಕ್ಕಳಿರುವ ಮನೆಗಳಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಅದು 2019ರ ಜೂನ್ ತಿಂಗಳು. ಮಗಳು ಒಂಬತ್ತನೇ ತರಗತಿಗೆ ಕಾಲಿಟ್ಟಿದ್ದಳು. ಶಾಲೆ ಆರಂಭವಾಗಿ ವಾರ ಕಳೆಯುವುದರೊಳಗೆ "ಅಪ್ಪಾ, ಪ್ರಾಜೆಕ್ಟಿಗೆ ಪ್ರಿಂಟ್ ಬೇಕು" ಎಂಬ ರಾಗ ಶುರುವಾಯಿತು. ರಾತ್ರಿ ಎಂಟು ಗಂಟೆಗೆ ನೆನಪಾಗುವ ಪ್ರಾಜೆಕ್ಟಿಗಾಗಿ ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಗೆ ಓಡುವುದು, ಅವನು ಅರ್ಧ ಶಟರ್ ಇಳಿಸಿ ನಿಂತಿರುವುದು, ನಾನು ಗೋಗರೆಯುವುದು ಇವೆಲ್ಲ ನಾಲ್ಕೈದು ಸಲ ನಡೆದ ಮೇಲೆ ಒಂದು ಭಾನುವಾರ ತಿಪಟೂರಿನ ಪೇಟೆಗೆ ಹೋದೆ. ಅಂಗಡಿಯವರು ಒಂದು ಪೆಟ್ಟಿಗೆ ಮುಂದಿಟ್ಟರು. ಪ್ರಿಂಟು, ನಕಲು, ಸ್ಕ್ಯಾನು ಮೂರೂ ಆಗುತ್ತದೆ, ಬೆಲೆ 2,700 ರೂಪಾಯಿ ಎಂದರು. ನಾನು ಎರಡು ಸಲ ಕೇಳಿದೆ. ಎರಡನೆಯ ಸಲವೂ ಅಷ್ಟೇ ಹೇಳಿದರು. ಮಿಕ್ಸಿಗಿಂತ ಅಗ್ಗವಾಗಿ ಒಂದು ಮುದ್ರಣಾಲಯವೇ ಸಿಗುತ್ತಿರುವಾಗ ಚೌಕಾಸಿ ಮಾಡುವುದು ಸರಿಯಲ್ಲವೆಂದು ಸುಮ್ಮನೆ ಹಣ ಎಣಿಸಿಕೊಟ್ಟೆ.

ಮೊದಲ ತಿಂಗಳು ಹಬ್ಬವೇ ಹಬ್ಬ. ಮಗಳ ಪ್ರಾಜೆಕ್ಟು ಸರಿಯೇ ಸರಿ. ಹೆಂಡತಿಯ ಭಜನಾ ಮಂಡಳಿಗೆ ದಪ್ಪಕ್ಷರದ ಹಾಡಿನ ಹಾಳೆಗಳು ಹೊರಬಂದವು. ಎದುರು ಮನೆಯವರ ಆಧಾರ್ ಪ್ರತಿ, ಹಿಂದಿನ ಬೀದಿಯವರ ಪಹಣಿ, ಯಾರದೋ ಮಗನ ಜಾತಕ. "ಒಂದೇ ಒಂದು ಪ್ರಿಂಟು ಮೇಷ್ಟ್ರೇ" ಎಂದು ಬಂದವರಿಗೆ ಇಲ್ಲವೆನ್ನುವುದು ಹೇಗೆ? ಕಾಫಿ ಕೊಟ್ಟು ಕಳುಹಿಸುತ್ತಿದ್ದೆವು.

ಆರನೆಯ ವಾರ ಯಂತ್ರದ ಮೇಲೆ ಕಿತ್ತಳೆ ಬಣ್ಣದ ದೀಪ ಮಿಟುಕತೊಡಗಿತು. ಶಾಯಿ ಮುಗಿದಿತ್ತು. ಕಪ್ಪು ಮತ್ತು ಬಣ್ಣ ಎರಡು ಕಾರ್ಟ್ರಿಜ್ ಬೇಕೆಂದು ಅದೇ ಅಂಗಡಿಗೆ ಹೋದೆ. ಕಪ್ಪಿಗೆ 900, ಬಣ್ಣದ್ದಕ್ಕೆ 1,100, ಒಟ್ಟು 2,000 ರೂಪಾಯಿ ಎಂದರು. ನನ್ನ ಮುಖ ನೋಡಿ ಅಂಗಡಿಯವರೇ ನಕ್ಕರು. "ಏನ್ಮಾಡೋದು ಸಾರ್, ಇನ್ನೊಂದು ಏಳ್ನೂರು ಹಾಕಿದ್ರೆ ಹೊಸ ಪ್ರಿಂಟರೇ ಬರುತ್ತೆ. ಕೆಲವರು ಹಂಗೂ ಮಾಡ್ತಾರೆ."

ನಮ್ಮಮ್ಮ ಇದ್ದಿದ್ದರೆ ತಕ್ಷಣ ಹೇಳುತ್ತಿದ್ದರು: ಮೂಗಿಗಿಂತ ಮೂಗುತಿ ಭಾರ.

ವಿಜ್ಞಾನದ ಮೇಷ್ಟ್ರಿಗೆ ಒಂದು ದುರಭ್ಯಾಸವಿರುತ್ತದೆ. ಯಾವುದಾದರೂ ಅಂಕಿ ಕಂಡರೆ ಅದನ್ನು ಇನ್ನೊಂದು ಅಂಕಿಯಿಂದ ಭಾಗಿಸದೆ ನಿದ್ದೆ ಬರುವುದಿಲ್ಲ. ಕಪ್ಪು ಕಾರ್ಟ್ರಿಜ್ಜಿನ ಪೆಟ್ಟಿಗೆಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಒಳಗಿರುವ ಶಾಯಿ 8 ಮಿಲಿಲೀಟರ್. ಮಗುವಿಗೆ ಕೆಮ್ಮಿನ ಔಷಧಿ ಕುಡಿಸುವ ಚಮಚದಲ್ಲಿ ಎರಡು ಚಮಚವೂ ತುಂಬುವುದಿಲ್ಲ. 900ನ್ನು 8ರಿಂದ ಭಾಗಿಸಿದರೆ ಮಿಲಿಲೀಟರಿಗೆ 112 ರೂಪಾಯಿ 50 ಪೈಸೆ. ಅಂದರೆ ಲೀಟರಿಗೆ 1,12,500 ರೂಪಾಯಿ. ಆಗ ಪೆಟ್ರೋಲು ಲೀಟರಿಗೆ ನೂರು ರೂಪಾಯಿಯ ಒಳಗೇ ಇತ್ತು, ಆದರೂ ನಾವೆಲ್ಲ ಅದನ್ನು ಬೈಯುತ್ತಿದ್ದೆವು. ಒಂದು ಲೀಟರ್ ಶಾಯಿ ಕೊಳ್ಳಲು ನನ್ನ ಒಂದು ತಿಂಗಳ ಸಂಬಳ ಸಾಲುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ ಆ ಬೆಲೆ ಬರೀ ಬಣ್ಣದ ನೀರಿನದಲ್ಲ. ಒಗ್ಗರಣೆಯ ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಚಟ್ಟನೆ ಸಿಡಿಯುತ್ತದಲ್ಲ, ಅದೇ ತತ್ವದ ಮೇಲೆ ಈ ಬಗೆಯ ಪ್ರಿಂಟರ್ ನಡೆಯುತ್ತದೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬಿಸಿಯಾದ ಬೆಸುಗೆ ಕಡ್ಡಿಯೊಂದು ಆಕಸ್ಮಿಕವಾಗಿ ತಗುಲಿತಂತೆ. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಬೇರೆಯವರಾದರೆ ಅಂಗಿ ಕೊಳೆಯಾಯಿತೆಂದು ಗೊಣಗುತ್ತಿದ್ದರು. ಅವರು ಅದರಿಂದ ಒಂದು ಯಂತ್ರವನ್ನೇ ಕಟ್ಟಿದರು. ಅದೇ ಕಾಲದಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯವರೂ ತಮ್ಮದೇ ದಾರಿಯಲ್ಲಿ ಇದೇ ತತ್ವವನ್ನು ಕಂಡುಕೊಂಡು, 1984ರಲ್ಲಿ ಥಿಂಕ್‌ಜೆಟ್ ಎಂಬ ಪ್ರಿಂಟರ್ ಹೊರತಂದರು. ಕೂದಲೆಳೆಗಿಂತ ಸಣ್ಣ ರಂಧ್ರಗಳ ಹಿಂದೆ ಪುಟ್ಟ ಪುಟ್ಟ ಒಲೆಗಳಂತೆ ಬಿಸಿ ಮಾಡುವ ತಗಡುಗಳಿರುತ್ತವೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಸಮಯದಲ್ಲಿ ಅವು ಕಾದು, ಶಾಯಿಯಲ್ಲಿ ಒಂದು ಆವಿಯ ಗುಳ್ಳೆ ಎದ್ದು, ಒಂದು ಹನಿಯನ್ನು ಕಾಗದದ ಮೇಲೆ ಎಸೆಯುತ್ತದೆ. ಆ ಹನಿಯನ್ನು ಪಿಕೋಲೀಟರುಗಳಲ್ಲಿ ಅಳೆಯುತ್ತಾರೆ. ಒಂದು ಪಿಕೋಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ನಮ್ಮ ಮನೆಯಲ್ಲಿದ್ದ ಮಾದರಿಯಲ್ಲಿ ಈ ಒಲೆ, ರಂಧ್ರಗಳೆಲ್ಲ ಕಾರ್ಟ್ರಿಜ್ಜಿನಲ್ಲೇ ಇವೆ. ಶಾಯಿ ಮುಗಿದಾಗಲೆಲ್ಲ ಅವನ್ನೂ ಎಸೆದು ಹೊಸದನ್ನು ಕೊಳ್ಳುತ್ತೇವೆ. ಮಸಿಕುಡಿಕೆ ಬರಿದಾಗಿದೆಯೆಂದು ಲೇಖನಿಯನ್ನೂ ಸೇರಿಸಿ ಬಿಸುಟ ಹಾಗೆ.

ಆದರೂ ಲೆಕ್ಕ ಲೆಕ್ಕವೇ. ಪೆಟ್ಟಿಗೆಯ ಮೇಲೆ 180 ಪುಟ ಬರುತ್ತದೆಂದು ಹಾಕಿದ್ದರು. 900ನ್ನು 180ರಿಂದ ಭಾಗಿಸಿದರೆ ಪುಟಕ್ಕೆ ಐದು ರೂಪಾಯಿ. ಕಾಗದಕ್ಕೆ ಐವತ್ತು ಪೈಸೆ ಸೇರಿಸಿದರೆ ಐದೂವರೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಅದೇ ಪುಟಕ್ಕೆ ಮೂರು ರೂಪಾಯಿ! ಸ್ವಂತ ಹಸು ಕಟ್ಟಿಕೊಂಡು ಡೈರಿಗಿಂತ ದುಬಾರಿ ಹಾಲು ಕುಡಿಯುತ್ತಿದ್ದೆವು.

ಅದೂ 180 ಪುಟ ಬಂದರೆ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಹಾಳೆ ಹೊರಬಂದಾಗಲೆಲ್ಲ ಗೀಟು ಎಳೆಯಬೇಕೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ. ಆ ಕಾರ್ಟ್ರಿಜ್ ಮುಗಿದಾಗ ಗೀಟುಗಳು 104. ಪುಟಕ್ಕೆ ಎಂಟು ರೂಪಾಯಿ ಅರವತ್ತೈದು ಪೈಸೆ. ಮೋಸವೇ? ಅಲ್ಲ. ಪುಟಗಳನ್ನು ಎಣಿಸಲು ಅಂತರರಾಷ್ಟ್ರೀಯ ಮಾನಕವೊಂದಿದೆ, ಐಎಸ್‌ಒ 24711 ಎಂದು. ಸುಮಾರು 23 ಡಿಗ್ರಿ ಉಷ್ಣತೆಯ ಕೋಣೆಯಲ್ಲಿ, ಗೊತ್ತುಪಡಿಸಿದ ಪುಟಗಳನ್ನೇ ಒಂದೇ ಸಮನೆ ಮುದ್ರಿಸುತ್ತಾ ಹೋಗಿ ಎಣಿಸುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಯಾರು ಮುದ್ರಿಸುತ್ತಾರೆ? ಸೋಮವಾರ ಒಂದು ಹಾಳೆ, ಆಮೇಲೆ ಮುಂದಿನ ಗುರುವಾರ ಎರಡು. ನಡುವೆ ಆ ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗುತ್ತದೆ. ಯಂತ್ರ ಗರಗರ ಸದ್ದು ಮಾಡುತ್ತಾ ಬಾಯಿ ಮುಕ್ಕಳಿಸಿಕೊಳ್ಳುತ್ತದೆ. ಮುಕ್ಕಳಿಸುವುದು ನೀರಿನಿಂದಲ್ಲ, ಅದೇ ಲೀಟರಿಗೆ ಲಕ್ಷ ರೂಪಾಯಿಯ ಶಾಯಿಯಿಂದ. ಉಗಿದದ್ದೆಲ್ಲ ಒಳಗಿನ ಹೀರುಹಾಳೆಗೆ ಸೇರುತ್ತದೆ.

ಇನ್ನೊಂದು ಕಾರಣ ನಮ್ಮ ಮಗಳ ಸೌರಮಂಡಲ. ಸಾಮಾನ್ಯ ಅಕ್ಷರಗಳಿರುವ ಪುಟದಲ್ಲಿ ನೂರರಲ್ಲಿ ಐದು ಭಾಗ ಜಾಗಕ್ಕೆ ಮಾತ್ರ ಶಾಯಿ ತಗಲುತ್ತದೆಂದು ಸ್ಥೂಲವಾಗಿ ಲೆಕ್ಕ ಹಾಕುವುದು ರೂಢಿ. ಮಗಳು ಮುದ್ರಿಸಿದ ಚಿತ್ರದಲ್ಲಿ ಒಂಬತ್ತು ಸಣ್ಣ ಚುಕ್ಕೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಕಡುಗಪ್ಪು ಆಕಾಶ. ಅಂದರೆ ಹತ್ತಿರ ಹತ್ತಿರ ಇಪ್ಪತ್ತು ಪುಟಗಳ ಶಾಯಿ ಒಂದೇ ಹಾಳೆಗೆ. ಅಂದಾಜಿಗೆ ನೂರು ರೂಪಾಯಿಯ ಕತ್ತಲೆ! ದೇವರು ಪುಕ್ಕಟೆ ಕೊಟ್ಟ ಕತ್ತಲೆಯನ್ನು ನಾವು ದುಡ್ಡು ಕೊಟ್ಟು ಮುದ್ರಿಸುತ್ತಿದ್ದೆವು.

ಸಿರಿಂಜು ತಂದು ನಾನೇ ಶಾಯಿ ತುಂಬುತ್ತೇನೆಂದು ಒಂದು ರಾತ್ರಿ ಕುಳಿತದ್ದೂ ಉಂಟು. ಕಾರ್ಟ್ರಿಜ್ಜಿಗೆ ಎಷ್ಟು ಹೋಯಿತೋ ಕಾಣೆ, ಬೆರಳು ಐದಕ್ಕೂ ಮೆತ್ತಿಕೊಂಡಿತು. ಮರುದಿನ ಪೋಷಕರ ಸಭೆ. ಚುನಾವಣೆಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರಿಂದ ನಮ್ಮ ಮೈಸೂರಿನ ಕಾರ್ಖಾನೆಯೇ ತಯಾರಿಸುತ್ತಾ ಬಂದಿದೆಯಷ್ಟೆ. ನನ್ನ ಕೈ ನೋಡಿದ ಹಿರಿಯರೊಬ್ಬರು "ಮೇಷ್ಟ್ರು ಐದು ಓಟು ಹಾಕ್ಬಿಟ್ಟವ್ರೆ" ಎಂದು ಸಭೆಯನ್ನೆಲ್ಲ ನಗಿಸಿದರು. ತುಂಬಿದ ಕಾರ್ಟ್ರಿಜ್ಜನ್ನು ಯಂತ್ರ ಒಪ್ಪಿಕೊಂಡಿತಾದರೂ ಮುದ್ರಿಸಿದ ಅಕ್ಷರಗಳ ನಡುವೆ ಬಿಳಿ ಪಟ್ಟೆಗಳು ಮೂಡಿದವು. ಬೇರೆ ಕೆಲವು ಮಾದರಿಗಳಲ್ಲಿ ಕಾರ್ಟ್ರಿಜ್ಜಿನ ಮೇಲೊಂದು ಪುಟ್ಟ ಚಿಪ್ ಇದ್ದು, ಹೊರಗಿನವರ ಕಾರ್ಟ್ರಿಜ್ಜನ್ನು ಯಂತ್ರ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕೊಂಡ ಮೇಲೆ ವಸ್ತು ಯಾರದು ಎಂಬ ಈ ಜಗಳ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. 2017ರಲ್ಲಿ ಲೆಕ್ಸ್‌ಮಾರ್ಕ್ ಕಂಪನಿಯ ಪ್ರಕರಣದಲ್ಲಿ ಆ ನ್ಯಾಯಾಲಯ, ಒಮ್ಮೆ ಮಾರಿದ ಕಾರ್ಟ್ರಿಜ್ಜಿನ ಮೇಲೆ ಮಾರಿದವರಿಗೆ ಪೇಟೆಂಟಿನ ಹಕ್ಕು ಉಳಿಯುವುದಿಲ್ಲ ಎಂದು ತೀರ್ಪು ಕೊಟ್ಟಿತು.

ಇಷ್ಟಾದರೆ ಇದು ಒಬ್ಬ ಮೇಷ್ಟ್ರ ಜೇಬಿನ ಗೋಳು ಮಾತ್ರವಾಗುತ್ತಿತ್ತು. ನನ್ನ ಕಣ್ಣು ತೆರೆಸಿದ ಸಂಗತಿ ನಡೆದದ್ದು ಮರುವರ್ಷ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಮಕ್ಕಳ ಕೈ ಬಿಡಬಾರದೆಂದು ನಾವು ಮೇಷ್ಟ್ರುಗಳು ಮೊಬೈಲಿನಲ್ಲಿ ಅಭ್ಯಾಸದ ಹಾಳೆಗಳನ್ನು ಕಳುಹಿಸತೊಡಗಿದೆವು. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆನ್ನಬೇಕು. ಏಳು ಪುಟ, ಪ್ರತಿ ಪುಟದ ನೆತ್ತಿಯಲ್ಲಿ ದಪ್ಪ ನೀಲಿ ಪಟ್ಟಿಯ ಮೇಲೆ ಶಾಲೆಯ ಹೆಸರು, ಸುತ್ತಲೂ ಬಳ್ಳಿಯ ಅಂಚು, ಒಳಗೆ ಹೂವಿನ ಭಾಗಗಳ ಬಣ್ಣದ ಚಿತ್ರ. "ಮುದ್ರಿಸಿ, ಉತ್ತರ ಬರೆದು ಒಪ್ಪಿಸಿ" ಎಂದು ಕೊನೆಯಲ್ಲಿ ಒಂದು ಸಾಲು.

ಆ ಹೊತ್ತಿಗೆ ನನ್ನ ಪ್ರಿಂಟರಿನ ರಂಧ್ರಗಳು ಪೂರ್ತಿ ಕಟ್ಟಿಕೊಂಡಿದ್ದವು. ಸೆಪ್ಟೆಂಬರಿನ ಒಂದು ಸಂಜೆ ಏನೋ ಅರ್ಜಿ ಮುದ್ರಿಸಲು ಮತ್ತೆ ಬಸ್ ನಿಲ್ದಾಣದ ಅಂಗಡಿಗೇ ಹೋದೆ. ನನಗಿಂತ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಮುಖಕ್ಕೆ ಸೆರಗು ಕಟ್ಟಿದ್ದರೂ ಗುರುತು ಸಿಕ್ಕಿತು. ನಮ್ಮ ಶಾಲೆಯ ಇಬ್ಬರು ಹುಡುಗಿಯರ ತಾಯಿ. ಕಾಯಿಪುಡಿ ಕಾರ್ಖಾನೆಯಲ್ಲಿ ಕೊಬ್ಬರಿಯ ಕಂದು ಸಿಪ್ಪೆ ಹೆರೆಯುವ ಕೆಲಸ. ಇಷ್ಟು ಕಾಯಿಗೆ ಇಷ್ಟು ಎಂದು ಕೂಲಿ. ಅಂಗಡಿಯ ಯಂತ್ರದಿಂದ ಒಂದೊಂದಾಗಿ ಹೊರಬರುತ್ತಿದ್ದದ್ದು ನನ್ನದೇ ಹಾಳೆಗಳು. ನೀಲಿ ಪಟ್ಟಿ, ಬಳ್ಳಿ, ಹೂವು.

"ಬಣ್ಣದ್ದು ಹತ್ತು ರೂಪಾಯಿ, ಏಳು ಹಾಳೆ, ಎಪ್ಪತ್ತು. ಇನ್ನೊಂದು ಸೆಟ್ಟು ಹಾಕ್ಲಾ?" ಎಂದು ಹುಡುಗ ಕೇಳಿದ. ಆಕೆ ಕೈಯಲ್ಲಿದ್ದ ನೋಟುಗಳನ್ನು ಎಣಿಸಿದರು, ಮತ್ತೆ ಎಣಿಸಿದರು. ತಿರುಗಿದಾಗ ನನ್ನನ್ನು ಕಂಡರು.

"ಮೇಷ್ಟ್ರೇ, ಬಣ್ಣದ್ದೇ ಆಗ್ಬೇಕಾ? ಚಿಕ್ಕವಳಿಗೆ ಕಪ್ಪು-ಬಿಳಿ ಮಾಡಿಸಿದ್ರೆ ಮಾರ್ಕ್ಸ್ ಕಮ್ಮಿ ಬೀಳ್ತವಾ?"

ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಕಮ್ಮಿ ಬೀಳುವುದಿಲ್ಲ ಎಂದು ಹೇಳಬಹುದಿತ್ತು, ಆದರೆ ಅದು ನಿಜವೇ ಎಂದು ನನಗೇ ಗೊತ್ತಿರಲಿಲ್ಲ. "ಬೇಡಮ್ಮ, ಎರಡನೇದು ಮಾಡಿಸಲೇಬೇಡಿ. ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದು ತರಲಿ" ಎಂದೆ. ಮಾಡಿಸಿದ ಸೆಟ್ಟಿನ ಹಣ ನಾನು ಕೊಡಲು ಹೋದೆ. ಆಕೆ ಒಪ್ಪಲಿಲ್ಲ. "ಓದೋ ಖರ್ಚಲ್ವಾ ಮೇಷ್ಟ್ರೇ" ಎಂದು ಎಪ್ಪತ್ತು ರೂಪಾಯಿ ಎಣಿಸಿಕೊಟ್ಟು, ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಹೊರಟರು.

ಆ ರಾತ್ರಿ ಹಿಂದಿನ ಎರಡು ವರ್ಷಗಳ ಅಂಕಪಟ್ಟಿಗಳನ್ನು ತೆಗೆದು ಕುಳಿತೆ. ಯೋಜನಾ ಕಾರ್ಯಕ್ಕೆ ಕೊಟ್ಟ ಅಂಕಗಳ ಮುಂದೆ ನನ್ನದೇ ಟಿಪ್ಪಣಿಗಳಿದ್ದವು: "ಅಚ್ಚುಕಟ್ಟು", "ಸುಂದರ ಚಿತ್ರಗಳು". ಆ ಟಿಪ್ಪಣಿ ಇದ್ದಲ್ಲೆಲ್ಲ ಅಂಕ ಒಂದೆರಡು ಹೆಚ್ಚು. ಆ ಹೆಸರುಗಳು ಯಾವ ಮನೆಗಳವು ಎಂದು ನನಗೆ ಗೊತ್ತು. ಮನೆಯಲ್ಲಿ ಪ್ರಿಂಟರ್ ಇದ್ದವು ಅಥವಾ ಹತ್ತು ರೂಪಾಯಿಯನ್ನು ಎಣಿಸದೆ ಕೊಡಬಲ್ಲವು. ನಾನು ವಿಜ್ಞಾನಕ್ಕೆ ಅಂಕ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಕೊಡುತ್ತಿದ್ದದ್ದು ಶಾಯಿಗೆ. ನನ್ನ ಜೇಬಿಗೆ ಬಿಸಿ ತಗುಲಿದಾಗ ಪೈಸೆ ಪೈಸೆ ಲೆಕ್ಕ ಹಾಕಿದವನು, ನಲವತ್ತು ಮನೆಗಳ ಜೇಬಿನ ಲೆಕ್ಕವನ್ನು ಒಂದು ದಿನವೂ ಹಾಕಿರಲಿಲ್ಲ.

ಮರುದಿನ ಏಳು ಪುಟ ಒಂದು ಪುಟವಾಯಿತು. ಪಟ್ಟಿ, ಬಳ್ಳಿ ಎಲ್ಲ ಹೋಯಿತು. "ಮುದ್ರಿಸಿ" ಎಂಬ ಸಾಲಿನ ಜಾಗದಲ್ಲಿ "ಪ್ರಶ್ನೆಗಳನ್ನು ಬರೆದುಕೊಳ್ಳಿ, ಚಿತ್ರವನ್ನು ನೀವೇ ಬಿಡಿಸಿ" ಎಂದು ಬರೆದೆ.

2021ರಲ್ಲಿ ಶಾಲೆ ಮತ್ತೆ ತೆರೆದ ಮೇಲೆ ಇದನ್ನೇ ಒಂದು ಪಾಠ ಮಾಡಿದೆ. ಅಮೆರಿಕದ ಪಿಟ್ಸ್‌ಬರ್ಗ್ ಬಳಿಯ ಹದಿನಾಲ್ಕು ವರ್ಷದ ವಿದ್ಯಾರ್ಥಿಯೊಬ್ಬ ಮಾಡಿದ ಕೆಲಸ 2014ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಯಾವ ಅಕ್ಷರ ವಿನ್ಯಾಸಕ್ಕೆ ಎಷ್ಟು ಶಾಯಿ ಬೇಕೆಂದು ಅವನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಲ್ಲದೆ, ಅಕ್ಷರಗಳನ್ನು ರಟ್ಟಿನಲ್ಲಿ ದೊಡ್ಡದಾಗಿ ಕತ್ತರಿಸಿ ತೂಗಿಯೂ ನೋಡಿದ್ದ. ತೆಳು ಅಕ್ಷರದ ಗ್ಯಾರಮಂಡ್ ಬಳಸಿದರೆ ಸರ್ಕಾರಕ್ಕೆ ಭಾರಿ ಉಳಿತಾಯವಾಗುತ್ತದೆ ಎಂದ. ಬಲ್ಲವರು ತಪ್ಪೊಂದನ್ನು ತೋರಿಸಿದರು: ಅದೇ ಅಳತೆಯಲ್ಲಿ ಗ್ಯಾರಮಂಡಿನ ಅಕ್ಷರಗಳು ಗಾತ್ರದಲ್ಲೇ ಚಿಕ್ಕವು, ಉಳಿತಾಯದ ಬಹುಪಾಲು ಅಲ್ಲಿಂದಲೇ ಬಂದದ್ದು. ನನ್ನ ಮಕ್ಕಳಿಗೆ ಎರಡನ್ನೂ ಹೇಳಿದೆ. ಅಳೆದು ನೋಡಿದ್ದೂ ವಿಜ್ಞಾನ, ಅಳತೆಯ ತಪ್ಪು ಹಿಡಿದದ್ದೂ ವಿಜ್ಞಾನ. ನಾವು ಗ್ರಾಫ್ ಹಾಳೆಯ ಮೇಲೆ ಒಂದೇ ಎತ್ತರದ ದಪ್ಪ ಅಕ್ಷರ, ತೆಳು ಅಕ್ಷರ ಬರೆದು ಕಪ್ಪಾದ ಚೌಕಗಳನ್ನು ಎಣಿಸಿದೆವು. ಖರ್ಚಾದದ್ದು ಒಂದು ಸೀಸದ ಕಡ್ಡಿ.

ಪೋಷಕರು ನನ್ನನ್ನು ಈಗಲೂ ಕೇಳುತ್ತಾರೆ, "ಮೇಷ್ಟ್ರೇ, ಮಗನಿಗೊಂದು ಪ್ರಿಂಟರ್ ತೆಗೆದುಕೊಡಲೋ?" ಎಂದು. ನಾನು ಹೇಳುವುದಿಷ್ಟು. ಯಂತ್ರದ ಬೆಲೆ ಕೇಳುವ ಮೊದಲು ಶಾಯಿಯ ಬೆಲೆ ಕೇಳಿ, ಅದರಲ್ಲಿ ಎಷ್ಟು ಪುಟ ಬರುತ್ತದೆ ಕೇಳಿ, ಭಾಗಿಸಿ. ಆಮೇಲೆ ತಿಂಗಳಿಗೆ ನಿಮಗೆ ನಿಜವಾಗಿ ಎಷ್ಟು ಪುಟ ಬೇಕೆಂದು ಲೆಕ್ಕ ಹಾಕಿ. ಕಾರ್ಟ್ರಿಜ್ ಬದಲು ತೊಟ್ಟಿಗೆ ಬಾಟಲಿಯಿಂದ ಶಾಯಿ ಸುರಿಯುವ ಪ್ರಿಂಟರುಗಳನ್ನು ಎಪ್ಸನ್ ಕಂಪನಿ 2010ರಲ್ಲಿ ಮೊದಲು ಇಂಡೋನೇಷ್ಯಾದಲ್ಲಿ ಮಾರಿತು. ಈಗ ಬೇರೆ ಕಂಪನಿಗಳೂ ಮಾರುತ್ತಿವೆ. ನಮ್ಮ ಶಾಲೆಯ ಕಚೇರಿಗೆ ಅಂಥದೊಂದನ್ನು ತರಿಸಿದೆವು. ಯಂತ್ರಕ್ಕೆ 11,000 ರೂಪಾಯಿ, ಆದರೆ 450 ರೂಪಾಯಿಯ ಕಪ್ಪು ಶಾಯಿಗೆ 4,500 ಪುಟ. ಪುಟಕ್ಕೆ ಹತ್ತು ಪೈಸೆ. ಶಾಲೆಗೆ ಅದು ಸರಿ. ಆದರೆ ತಿಂಗಳಿಗೆ ಇಪ್ಪತ್ತು ಪುಟ ಮುದ್ರಿಸುವ ಮನೆಗೆ? ಕಾಗದ ಸೇರಿ ಅರವತ್ತು ಪೈಸೆ, ಅಂಗಡಿಯಲ್ಲಿ ಮೂರು ರೂಪಾಯಿ. ಪುಟಕ್ಕೆ ಉಳಿಯುವುದು ಎರಡು ರೂಪಾಯಿ ನಲವತ್ತು ಪೈಸೆ. ಹನ್ನೊಂದು ಸಾವಿರ ತೀರಲು ಸುಮಾರು 4,600 ಪುಟ, ಅಂದರೆ ಹತ್ತೊಂಬತ್ತು ವರ್ಷ! ಅಷ್ಟರಲ್ಲಿ ಮಗನ ಮದುವೆಯ ಕರೆಯೋಲೆ ಮುದ್ರಿಸಬೇಕಾದೀತು. ಅಪರೂಪಕ್ಕೆ ಮುದ್ರಿಸುವವರಿಗೆ ಬೀದಿಯ ಜೆರಾಕ್ಸ್ ಅಂಗಡಿಯೇ ಅಗ್ಗ. ಅಂಗಡಿ ದೂರವೆಂದು ಕೊಳ್ಳಲೇಬೇಕಾದವರು ಪುಡಿ ಬಳಸುವ ಲೇಸರ್ ಪ್ರಿಂಟರನ್ನು ನೋಡಬಹುದು. ಒಣಗಲು ಅದರಲ್ಲಿ ಶಾಯಿಯೇ ಇಲ್ಲ. ಮತ್ತೊಂದು ಮಾತು. ಖಾಲಿ ಕಾರ್ಟ್ರಿಜ್ಜನ್ನು ಕಸದ ಬುಟ್ಟಿಗೆ ಹಾಕಬೇಡಿ, ನಮ್ಮ ದೇಶದ ನಿಯಮಗಳ ಪ್ರಕಾರ ಅದೂ ವಿದ್ಯುನ್ಮಾನ ತ್ಯಾಜ್ಯವೇ.

ಇನ್ನು ನನ್ನಂಥ ಮೇಷ್ಟ್ರುಗಳಿಗೆ ಒಂದು ಮಾತು. ನಾವು ಬರೆಯುವ "ಪ್ರಿಂಟ್ ತನ್ನಿ" ಎಂಬ ಎರಡು ಪದಗಳನ್ನು ತರಗತಿಯ ಮಕ್ಕಳ ಸಂಖ್ಯೆಯಿಂದ ಗುಣಿಸಿ ನೋಡೋಣ. ಆಮೇಲೆ ಬರೆಯೋಣ.

ಕಳೆದ ವರ್ಷದ ಪೋಷಕರ ಸಭೆಯಲ್ಲಿ ಮಕ್ಕಳ ಯೋಜನಾ ಕಾರ್ಯಗಳನ್ನು ಮೇಜಿನ ಮೇಲೆ ಹರಡಿದ್ದೆವು. ಒಂದು ಹಾಳೆಯ ಮೇಲೆ ನಿಜವಾದ ದಾಸವಾಳದ ಭಾಗಗಳು: ಎಸಳು, ಕೇಸರ, ಶಲಾಕೆ, ಉದ್ದಕ್ಕೆ ಸೀಳಿದ ಅಂಡಾಶಯ. ಒಂದೊಂದನ್ನೂ ಬಿಡಿಸಿ, ಒಣಗಿಸಿ, ಅಂಟಿಸಿ, ಪಕ್ಕದಲ್ಲಿ ಕೈಬರಹದಲ್ಲಿ ಹೆಸರು ಬರೆಯಲಾಗಿತ್ತು. ಎಸಳಿನ ಕೆಂಪು ನೇರಳೆಗೆ ತಿರುಗಿತ್ತು, ಒಂದೆರಡು ಕಡೆ ಅಂಟು ಮೆತ್ತಿಕೊಂಡಿತ್ತು. ಹಳೆಯ ನಾನಾಗಿದ್ದರೆ "ಅಚ್ಚುಕಟ್ಟಿಲ್ಲ" ಎಂದು ಬರೆಯುತ್ತಿದ್ದೆನೇನೋ. ಆ ಸಲದ ಅಂಕಗಳಲ್ಲಿ ಅದಕ್ಕೇ ಹೆಚ್ಚು. ತಾಯಿ ಹತ್ತಿರ ಬಂದು ನಿಂತರು. ನಾಲ್ಕು ವರ್ಷ ಕಳೆದಿದ್ದರೂ ಮುಖ ಮರೆತಿರಲಿಲ್ಲ. ಇದು ಅವರ ಚಿಕ್ಕ ಮಗಳ ತರಗತಿಯವಳೇ ಇರಬಹುದೆಂದು ಲೆಕ್ಕ ಹಾಕುತ್ತಿದ್ದೆ, ಅವರೇ ನಕ್ಕು ಹೇಳಿದರು.

"ನಮ್ಮಕ್ಕನ ಮಗಳದು ಮೇಷ್ಟ್ರೇ, ಅವಳ ಪರವಾಗಿ ಬಂದೆ. ನಮ್ಮ ಬೇಲಿ ಹೂವೇ. ಮೂರು ದಿನ ಮನೇಲಿ ಪೂಜೆಗೆ ಒಂದು ದಾಸವಾಳ ಬಿಡ್ಲಿಲ್ಲ ನೋಡಿ."

ದೇವರು ಆ ಖರ್ಚನ್ನು ತಡೆದುಕೊಳ್ಳುತ್ತಾನೆ ಎಂದೆ.